ಓಸಿಟಿ ಸ್ಕ್ಯಾನ್ ವಿಮರ್ಶೆ: ಬಣ್ಣದ ಹಾಳೆಗಿಂತ ಬೂದು ಸೀಳುಚಿತ್ರವೇ ಮೇಲು

ಕಣ್ಣಿಗೆ ಪೆಟ್ಟು ಬಿದ್ದಿರಲಿ, ಸಕ್ಕರೆ ಕಾಯಿಲೆಯಿಂದ ದೃಷ್ಟಿ ಮಂಜಾಗಿರಲಿ, ಗ್ಲಾಕೋಮಾ (ದೃಷ್ಟಿನರ ಹಾಳಾಗುವ ಕಾಯಿಲೆ) ಇದೆಯೇನೋ ಎಂಬ ಅನುಮಾನವಿರಲಿ, ಇವತ್ತು ಕಣ್ಣಿನ ವೈದ್ಯರು ಮೊದಲು ಬರೆದುಕೊಡುವ ಚಿತ್ರಪರೀಕ್ಷೆಗಳಲ್ಲಿ ಓಸಿಟಿ (ಆಪ್ಟಿಕಲ್ ಕೊಹೆರೆನ್ಸ್ ಟೊಮೊಗ್ರಫಿ, ಬೆಳಕಿನಿಂದ ಕಣ್ಣಿನೊಳಗಿನ ಪದರಗಳ ಸೀಳುಚಿತ್ರ ತೆಗೆಯುವ ವಿಧಾನ) ಒಂದು. ಗಲ್ಲವನ್ನು ಆಸರೆಯ ಮೇಲಿಟ್ಟು, ಹಣೆಯನ್ನು ಪಟ್ಟಿಗೆ ತಾಗಿಸಿ, ಒಳಗೆ ಕಾಣುವ ಗುರುತನ್ನೇ ನೋಡುತ್ತ ಕುಳಿತರೆ ಒಂದು ಸ್ಕ್ಯಾನ್ ಕೆಲವೇ ಸೆಕೆಂಡಿನಲ್ಲಿ ಮುಗಿಯುತ್ತದೆ. ಸೂಜಿ ಇಲ್ಲ, ಕಣ್ಣನ್ನು ಮುಟ್ಟುವುದಿಲ್ಲ, ಎಕ್ಸ್‌ರೇ ಇಲ್ಲ. ಕೊನೆಗೆ ಕೈಗೆ ಬರುವುದು ಹಸಿರು, ಹಳದಿ, ಕೆಂಪು ಬಳಿದ ಒಂದು ಹಾಳೆ. ಯಂತ್ರ ತೆಗೆಯುವ ಬೂದುಬಣ್ಣದ ಅಡ್ಡಸೀಳು ಚಿತ್ರಕ್ಕೆ ನಮ್ಮ ಪೂರ್ಣ ಅಂಕ. ಆ ಚಿತ್ರವನ್ನು ಓದಿ ಯಂತ್ರವೇ ಕೊಡುವ ಬಣ್ಣಕ್ಕೆ ಅಷ್ಟು ಅಂಕ ಕೊಡಲಾಗದು. ಯಾಕೆಂದು ಬಿಡಿಸಿ ಹೇಳುತ್ತೇವೆ. ಓಸಿಟಿಗೆ ಕಾಣದ್ದನ್ನು ಕಾಣಿಸುವ ಇತರ ಬೆಳಕಿನ ಪರೀಕ್ಷೆಗಳನ್ನೂ ಜೊತೆಗಿಟ್ಟು ತೂಗಿದ್ದೇವೆ.

ಯಂತ್ರ ಮಾಡುವ ಕೆಲಸ ಪ್ರತಿಧ್ವನಿ ಕೇಳುವಂಥದ್ದು, ಶಬ್ದದ ಬದಲು ಬೆಳಕಿನಲ್ಲಿ. ಬೆಳಕು ಹೋಗಿಬರುವ ಕಾಲವನ್ನು ನೇರವಾಗಿ ಅಳೆಯುವುದು ಈ ಅಂತರಗಳಲ್ಲಿ ಸಾಧ್ಯವಿಲ್ಲ. ಅದಕ್ಕೆ ಕಿರಣವನ್ನು ಎರಡಾಗಿ ಸೀಳಿ ಒಂದನ್ನು ಕಣ್ಣಿಗೂ ಇನ್ನೊಂದನ್ನು ಯಂತ್ರದೊಳಗಿನ ಕನ್ನಡಿಗೂ ಕಳಿಸುತ್ತಾರೆ. ಹಿಂತಿರುಗಿ ಬಂದ ಎರಡೂ ಬೆರೆತಾಗ ಆಗುವ ವ್ಯತಿಕರಣದಿಂದ (ಅಲೆಗಳು ಒಂದನ್ನೊಂದು ಹೆಚ್ಚಿಸುವುದು, ತಗ್ಗಿಸುವುದು) ಯಾವ ಆಳದಿಂದ ಎಷ್ಟು ಬೆಳಕು ಮರಳಿತು ಎಂಬುದು ತಿಳಿಯುತ್ತದೆ. 1991ರಲ್ಲಿ ಅಮೆರಿಕದ ಎಂಐಟಿಯ ತಂಡ ಈ ವಿಧಾನವನ್ನು ಪ್ರಕಟಿಸಿತು. 1993ರ ಹೊತ್ತಿಗೆ ಜೀವಂತ ಮನುಷ್ಯರ ರೆಟಿನಾದ, ಅಂದರೆ ಕಣ್ಣಿನ ಹಿಂಭಾಗದಲ್ಲಿ ಬೆಳಕು ಹಿಡಿಯುವ ಪದರದ ಚಿತ್ರ ಬಂತು, 1996ರಲ್ಲಿ ಮಾರಾಟದ ಯಂತ್ರ ಬಂತು. 2002ರ ಸ್ಟ್ರಾಟಸ್ ಯಂತ್ರ ಸೆಕೆಂಡಿಗೆ ಆಳಕ್ಕಿಳಿಯುವ 400 ಗೆರೆ ಓದುತ್ತಿತ್ತು (ಇಂಥ ಗೆರೆಗಳನ್ನು ಪಕ್ಕಪಕ್ಕ ಜೋಡಿಸಿದರೆ ಒಂದು ಸೀಳುಚಿತ್ರ), ಆಳದಲ್ಲಿ ಸುಮಾರು 10 ಮೈಕ್ರಾನ್ ಸೂಕ್ಷ್ಮತೆ; ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಆಮೇಲಿನ ಸ್ಪೆಕ್ಟ್ರಲ್ ಡೊಮೇನ್ ತಲೆಮಾರಿನಲ್ಲಿ ಸಿರಸ್ ಸೆಕೆಂಡಿಗೆ 27,000, ಸ್ಪೆಕ್ಟ್ರಾಲಿಸ್ 40,000 ಗೆರೆಗೆ ಏರಿದವು, ಬೇರ್ಪಡಿಸಿ ತೋರಬಲ್ಲ ಅಂತರ 5ರಿಂದ 7 ಮೈಕ್ರಾನಿಗೆ ಇಳಿದು ಚಿತ್ರ ಇನ್ನೂ ಸೂಕ್ಷ್ಮವಾಯಿತು. ವೇಗ ಹೆಚ್ಚಿದ್ದರ ನಿಜವಾದ ಲಾಭ ಕಣ್ಣಿನ ಅಲುಗಾಟ ಚಿತ್ರವನ್ನು ಕೆಡಿಸುವ ಮೊದಲೇ ಸ್ಕ್ಯಾನ್ ಮುಗಿಯುವುದು. ಕಣ್ಣು ಎಷ್ಟೇ ಸ್ಥಿರವಾಗಿದೆ ಅನ್ನಿಸಿದರೂ ಅದು ಒಂದೇ ಸಮನೆ ನಡುಗುತ್ತಿರುತ್ತದೆ.

ಆಳದಲ್ಲಿ 5 ಮೈಕ್ರಾನ್ ಅಂದಮಾತ್ರಕ್ಕೆ ಅಡ್ಡಕ್ಕೂ ಅಷ್ಟೇ ಚೆನ್ನಾಗಿ ಕಾಣುತ್ತದೆ ಎಂದುಕೊಳ್ಳಬಾರದು. ಆಳದ ಸೂಕ್ಷ್ಮತೆಯನ್ನು ನಿರ್ಧರಿಸುವುದು ಬೆಳಕಿನ ಮೂಲದಲ್ಲಿರುವ ಅಲೆಯುದ್ದಗಳ ಹರವು. ಅಡ್ಡದ ಸೂಕ್ಷ್ಮತೆಯನ್ನು ನಿರ್ಧರಿಸುವುದು ರೋಗಿಯ ಕಣ್ಣೇ, ಅಂದರೆ ಅದರ ಪಾಪೆ, ಮಸೂರ ಮತ್ತು ಅವುಗಳ ದೋಷಗಳು. ಆದ್ದರಿಂದ ಅಡ್ಡಕ್ಕೆ 15ರಿಂದ 20 ಮೈಕ್ರಾನ್ ದಾಟಿ ಸೂಕ್ಷ್ಮವಾಗಲು ಸಾಮಾನ್ಯ ಯಂತ್ರಕ್ಕೆ ಆಗದು. ಫೋವಿಯಾದ (ರೆಟಿನಾದಲ್ಲಿ ನೋಟ ಅತಿ ತೀಕ್ಷ್ಣವಾಗಿರುವ ನಡುಬಿಂದು) ನಟ್ಟನಡುವೆ ಬೆಳಕು ಹಿಡಿಯುವ ಶಂಕುಕೋಶಗಳ ಅಗಲ 2ರಿಂದ 3 ಮೈಕ್ರಾನ್ ಮಾತ್ರ. ಅವು ಸಾಲಾಗಿ ಉಂಟುಮಾಡುವ ಗೆರೆ ಓಸಿಟಿಯಲ್ಲಿ ಕಾಣುತ್ತದೆ, ಒಂದೊಂದಾಗಿ ಕೋಶ ಕಾಣುವುದಿಲ್ಲ. ಕೋಶವನ್ನೇ ಎಣಿಸಬೇಕೆಂದರೆ ಕಣ್ಣಿನ ದೋಷವನ್ನು ಕ್ಷಣಕ್ಷಣವೂ ಅಳೆದು ಬಾಗುವ ಕನ್ನಡಿಯಿಂದ ತಿದ್ದುವ ಅಡಾಪ್ಟಿವ್ ಆಪ್ಟಿಕ್ಸ್ ಬೇಕು. ಜೀವಂತ ಕಣ್ಣಿನಲ್ಲಿ ಆ ವಿಧಾನದಿಂದ ಶಂಕುಕೋಶಗಳನ್ನು ತೋರಿಸಿದ್ದು 1997ರಲ್ಲಿ. ಅದು ಈಗಲೂ ಹೆಚ್ಚಾಗಿ ಸಂಶೋಧನಾಲಯದ ಸಾಧನ. ನೋಡುವ ಜಾಗ ತೀರ ಚಿಕ್ಕದು, ಒಂದು ಕಣ್ಣಿಗೆ ಬಹಳ ಹೊತ್ತು ಬೇಕು.

ಗಾಯವಾದ ಕಣ್ಣಿನಲ್ಲಿ

ರೆಟಿನಾದ ಗಾಯ ಪತ್ತೆಮಾಡುವುದರಲ್ಲಿ ಓಸಿಟಿಗೆ ಸಾಟಿ ಇಲ್ಲದ ಕ್ಷೇತ್ರ ಮ್ಯಾಕ್ಯುಲಾ, ಅಂದರೆ ಫೋವಿಯಾವನ್ನು ಒಳಗೊಂಡ ರೆಟಿನಾದ ನಡುಭಾಗ. ಸೀಳುಚಿತ್ರದ ತಳದತ್ತ ಒಂದರ ಕೆಳಗೊಂದು ಬೆಳ್ಳಗಿನ ಗೆರೆಗಳಿರುತ್ತವೆ. ಅವುಗಳಲ್ಲಿ ಎಲಿಪ್ಸಾಯ್ಡ್ ಜೋನ್ ಎನ್ನುವ ಗೆರೆ ಬೆಳಕು ಹಿಡಿಯುವ ಕೋಶಗಳ ಆರೋಗ್ಯದ ಗುರುತು. ಗ್ರಹಣದ ದಿನ ಬರಿಗಣ್ಣಿನಲ್ಲಿ ಸೂರ್ಯನನ್ನು ನೋಡಿದವರಲ್ಲಿ, ಲೇಸರ್ ಪಾಯಿಂಟರನ್ನು ಕಣ್ಣಿಗೆ ಹಿಡಿದುಕೊಂಡ ಮಕ್ಕಳಲ್ಲಿ, ಫಂಡಸ್ ಫೋಟೋದಲ್ಲಿ (ಕಣ್ಣಿನ ಒಳಹಿಂಭಾಗದ ಬಣ್ಣದ ಫೋಟೋ) ಒಂದು ಮಾಸಲು ಹಳದಿ ಚುಕ್ಕೆ ಕಂಡರೆ ಕಂಡೀತು, ಇಲ್ಲವಾದರೆ ಏನೂ ಕಾಣದು. ಓಸಿಟಿಯಲ್ಲಿ ಅದೇ ಜಾಗದಲ್ಲಿ ಆ ಗೆರೆ ಕತ್ತರಿಸಿದಂತೆ ತುಂಡಾಗಿರುತ್ತದೆ. ಸೂರ್ಯನಿಂದಾದ ಗಾಯ ಸಾಮಾನ್ಯವಾಗಿ ಫೋವಿಯಾದ ನಡುವೆ ಚಿಕ್ಕ ಚೌಕದಂಥ ಖಾಲಿ. ಲೇಸರಿನದು ಆಕಾರದಲ್ಲಿ ಬೇರೆಬೇರೆ, ಮೇಲಿನ ಪದರಗಳವರೆಗೂ ನೇರ ಗೆರೆಯಾಗಿ ಏರುವುದುಂಟು.

ಆದರೆ ಇಲ್ಲೇ ಎಡವುವುದು. ಯಂತ್ರ ರೆಟಿನಾವನ್ನು ಪೂರ್ತಿ ನೋಡುವುದಿಲ್ಲ, ಬ್ರೆಡ್ಡನ್ನು ಹೋಳು ಮಾಡಿದಂತೆ ಗೆರೆಗೆರೆಯಾಗಿ ನೋಡುತ್ತದೆ. ಹೋಳಿಗೂ ಹೋಳಿಗೂ ನಡುವೆ ಇದ್ದದ್ದು ದಾಖಲಾಗುವುದೇ ಇಲ್ಲ. 6 ಮಿಲಿಮೀಟರ್ ಚೌಕವನ್ನು 25 ಗೆರೆಯಲ್ಲಿ ಓದಿದರೆ ಗೆರೆಗಳ ನಡುವಿನ ಅಂತರ ಸುಮಾರು 240 ಮೈಕ್ರಾನ್. ಲೇಸರ್ ಗಾಯ 100 ಮೈಕ್ರಾನಿನ ಆಸುಪಾಸಿನದ್ದಾದರೆ ಅದು ಆ ಸಂದಿಯಲ್ಲಿ ಆರಾಮಾಗಿ ಬಚ್ಚಿಟ್ಟುಕೊಳ್ಳುತ್ತದೆ, ವರದಿ ಮಾತ್ರ ಸಹಜ ಎಂದು ಬರುತ್ತದೆ. 512ಕ್ಕೆ 128ರ ಕ್ಯೂಬ್, ಅಂದರೆ ಒಂದೊಂದರಲ್ಲಿ 512 ಬಿಂದುಗಳಿರುವ 128 ಸೀಳು ತೆಗೆದರೆ ಅದೇ ಚೌಕದಲ್ಲಿ ಅಂತರ 47 ಮೈಕ್ರಾನಿಗೆ ಇಳಿಯುತ್ತದೆ, ಆದರೆ ಒಂದೊಂದು ಗೆರೆಯ ಸ್ಪಷ್ಟತೆ ಕಡಿಮೆ, ಕಾಳುಕಾಳಾಗಿ ಕಾಣುತ್ತದೆ. ಗಾಯದ ಕಣ್ಣಿಗೆ ಎರಡೂ ಬೇಕು. ಮೊದಲು ದಟ್ಟ ಕ್ಯೂಬ್, ಆಮೇಲೆ ಅನುಮಾನದ ಜಾಗದ ಮೇಲೇ ಒಂದೇ ಗೆರೆಯನ್ನು ಹಲವು ಬಾರಿ ಓದಿ ಸರಾಸರಿ ತೆಗೆದ ಸ್ಪಷ್ಟ ಸೀಳು. 16 ಬಾರಿ ಓದಿ ಸರಾಸರಿ ತೆಗೆದರೆ ಕಾಳು ನಾಲ್ಕನೇ ಒಂದಕ್ಕೆ ತಗ್ಗುತ್ತದೆ, ಲಾಭ ವರ್ಗಮೂಲದ ಲೆಕ್ಕದಲ್ಲಿ ಬರುವುದರಿಂದ 100 ಬಾರಿ ಓದಿಸಿ ರೋಗಿಯನ್ನು ದಣಿಸಬೇಕಿಲ್ಲ.

ಚೆಂಡು, ಮುಷ್ಟಿ, ಕೋಲಿನಂಥ ಮೊಂಡು ಪೆಟ್ಟಿನ ನಂತರ ರೆಟಿನಾ ಬೆಳ್ಳಗಾಗುವುದನ್ನು ಹಿಂದೆ ಊತ ಎಂದೇ ಕರೆಯುತ್ತಿದ್ದರು. ಓಸಿಟಿ ಬಂದ ಮೇಲೆ ಗೊತ್ತಾದದ್ದು, ಅಲ್ಲಿ ಮುಖ್ಯವಾಗಿ ನೀರು ತುಂಬಿರುವುದಲ್ಲ, ಬೆಳಕು ಹಿಡಿಯುವ ಕೋಶಗಳ ಹೊರತುದಿಗಳು ಕದಡಿರುವುದು. ಸೌಮ್ಯ ಪೆಟ್ಟಿನಲ್ಲಿ ಎಲಿಪ್ಸಾಯ್ಡ್ ಗೆರೆ ಕೆಲವು ವಾರಗಳಲ್ಲಿ ಮರಳಿ ಕೂಡಿಕೊಳ್ಳುತ್ತದೆ. ಗೆರೆ ಕೂಡದೆ ಆ ಜಾಗ ತೆಳುವಾಗುತ್ತ ಹೋದರೆ ದೃಷ್ಟಿ ಪೂರ್ತಿ ಮರಳುವ ನಿರೀಕ್ಷೆ ಕಡಿಮೆ. ಪೆಟ್ಟಿನಿಂದ ಮ್ಯಾಕ್ಯುಲಾದಲ್ಲಿ ತೂತಾದ ಎಳೆಯರಲ್ಲಿ ಆ ತೂತು ತಾನಾಗಿ ಮುಚ್ಚಿಕೊಳ್ಳುವುದೂ ಉಂಟು. ಆದ್ದರಿಂದ ಶಸ್ತ್ರಚಿಕಿತ್ಸೆಗೆ ಮುಂಚೆ ಕೆಲವು ವಾರ ಅದೇ ಗೆರೆಯಲ್ಲಿ ಮತ್ತೆ ಮತ್ತೆ ಸ್ಕ್ಯಾನ್ ಮಾಡಿ ಅಂಚುಗಳು ಹತ್ತಿರ ಬರುತ್ತಿವೆಯೇ ಎಂದು ನೋಡುವ ರೂಢಿ ಇದೆ. ಈ ಕೆಲಸಕ್ಕೆ ಓಸಿಟಿಯಂಥ ಸಾಧನ ಇನ್ನೊಂದಿಲ್ಲ ಎಂದು ಸಂಕೋಚವಿಲ್ಲದೆ ಹೇಳುತ್ತೇವೆ.

ಅದೇ ಪೆಟ್ಟು ತಿಂದ ಕಣ್ಣಿನಲ್ಲಿ ಓಸಿಟಿ ಸಹಜವಾಗಿದೆ ಎಂದು ಮನೆಗೆ ಕಳಿಸುವುದು ನಾವು ಕಂಡ ಬಳಕೆಯ ತಪ್ಪುಗಳಲ್ಲೇ ಅಪಾಯದ್ದು. ಮೊಂಡು ಪೆಟ್ಟಿಗೆ ರೆಟಿನಾ ಹರಿಯುವುದು ಹೆಚ್ಚಾಗಿ ಅಂಚಿನಲ್ಲಿ, ಕಿವಿಯ ಕಡೆಯ ಕೆಳಮೂಲೆ ಅಥವಾ ಮೂಗಿನ ಕಡೆಯ ಮೇಲ್ಮೂಲೆಯಲ್ಲಿ. ಸಾಮಾನ್ಯ ಓಸಿಟಿಯ ಕಿಟಕಿ ಅಲ್ಲಿಯವರೆಗೆ ಹೋಗುವುದೇ ಇಲ್ಲ. ಪಾಪೆ ಅರಳಿಸಿ, ತಲೆಗೆ ಕಟ್ಟಿದ ದೀಪ ಮತ್ತು ಕೈಮಸೂರದಿಂದ ವೈದ್ಯರು ಅಂಚಿನವರೆಗೂ ಕಣ್ಣಾರೆ ನೋಡಬೇಕು. ಒಳಗೆ ರಕ್ತ ತುಂಬಿ ಬೆಳಕೇ ದಾಟದಿದ್ದರೆ ಬೆಳಕಿನ ಯಾವ ಯಂತ್ರವೂ ಕೆಲಸಕ್ಕೆ ಬರುವುದಿಲ್ಲ, ಆಗ ಅಲ್ಟ್ರಾಸೌಂಡ್. ಕಣ್ಣುಗುಡ್ಡೆಯೇ ಸೀಳಿರಬಹುದೆಂಬ ಅನುಮಾನವಿದ್ದರೆ ಅಲ್ಟ್ರಾಸೌಂಡಿನ ತುದಿಯನ್ನೂ ಒತ್ತಬಾರದು, ಒಳಗಿನದು ಹೊರಬಂದೀತು. ಅಲ್ಲಿ ಸಿಟಿ ಸ್ಕ್ಯಾನ್ ಮೊದಲು. ಲೋಹದ ಚೂರು ಒಳಹೊಕ್ಕಿರುವ ಸಾಧ್ಯತೆ ಇದ್ದರೆ ಎಂಆರ್‌ಐ ಕೂಡದು.

ಒಳ್ಳೆಯ ಸ್ಕ್ಯಾನ್ ಹೇಗೆ ತೆಗೆಯುವುದು, ಹೇಗೆ ಕೆಡುತ್ತದೆ

ಒಣಗಿದ ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಓಸಿಟಿಯ ಮೊದಲ ಶತ್ರು. ರೋಗಿ ಗುರುತನ್ನೇ ದಿಟ್ಟಿಸುತ್ತ ಮಿಟುಕಿಸುವುದನ್ನು ಮರೆಯುತ್ತಾರೆ, ಕಣ್ಣೀರಿನ ಪದರ ಒಡೆದು ಚಿತ್ರ ಮಸುಕಾಗುತ್ತದೆ. ಎರಡು ಸಲ ನಿಧಾನವಾಗಿ ಮಿಟುಕಿಸಲು ಹೇಳಿ ಕೂಡಲೇ ಸ್ಕ್ಯಾನ್ ಒತ್ತಿದರೆ ಸಾಕಷ್ಟು ಸಲ ಸಂಕೇತದ ಬಲ ಏರುತ್ತದೆ. ಹಾಗೂ ಏರದಿದ್ದರೆ ಕೃತಕ ಕಣ್ಣೀರಿನ ಒಂದು ಹನಿ. ಕಣ್ಣಿನ ಒತ್ತಡವನ್ನು ತಾಗಿಸಿ ಅಳೆದ ಮೇಲೆ, ಅಥವಾ ಜೆಲ್ ಹಚ್ಚಿ ಮಸೂರ ಇಟ್ಟು ನೋಡಿದ ಮೇಲೆ ಸ್ಕ್ಯಾನ್ ಮಾಡಿಸಬಾರದು. ಓಸಿಟಿ ಮೊದಲು, ಮುಟ್ಟುವ ಪರೀಕ್ಷೆಗಳು ಆಮೇಲೆ. ಸಿರಸ್‌ನಲ್ಲಿ 10ಕ್ಕೆ 6ಕ್ಕಿಂತ ಕಡಿಮೆ ಬಂದ ಸ್ಕ್ಯಾನನ್ನು ಅಳತೆಗೆ ಬಳಸಬಾರದು. ಸಂಕೇತ ಕುಗ್ಗಿದಂತೆ ನರತಂತು ಪದರ ಇರುವುದಕ್ಕಿಂತ ತೆಳು ಎಂದು ಲೆಕ್ಕ ಬರುತ್ತದೆ. ಪೊರೆ ಬೆಳೆಯುತ್ತಿರುವ ಕಣ್ಣಿನಲ್ಲಿ ವರ್ಷದಿಂದ ವರ್ಷಕ್ಕೆ ಪದರ ತೆಳುವಾದಂತೆ ತೋರಿ, ಪೊರೆ ತೆಗೆದ ಮೇಲೆ ಅದೇ ಪದರ ದಪ್ಪವಾದಂತೆ ಕಾಣುವುದು ಇದೇ ಕಾರಣಕ್ಕೆ.

ಕಿರಣವನ್ನು ಪಾಪೆಯ ನಡುವಿನಿಂದಲೇ ಒಳಗೆ ಬಿಡಬೇಕು. ಪಕ್ಕದಿಂದ ಬಿಟ್ಟರೆ ಸೀಳುಚಿತ್ರ ಓರೆಯಾಗುತ್ತದೆ. ಓರೆಯಾದಾಗ ಫೋವಿಯಾ ಸುತ್ತ ಇಳಿಜಾರಾಗಿ ಹರಡಿರುವ ಹೆನ್ಲೆ ತಂತುಗಳು (ಬೆಳಕು ಹಿಡಿಯುವ ಕೋಶಗಳ ಎಳೆಗಳು) ಒಂದು ಬದಿಗೆ ಬೆಳ್ಳಗೆ, ಇನ್ನೊಂದು ಬದಿಗೆ ಕಪ್ಪಗೆ ಕಾಣುತ್ತವೆ. ಅದನ್ನು ಗೊತ್ತಿಲ್ಲದವರು ಒಂದು ಬದಿಯ ಕೋಶಪದರವೇ ತೆಳುವಾಗಿದೆ ಎಂದು ಓದಿಬಿಡುತ್ತಾರೆ. ಹೆಚ್ಚು ಮೈನಸ್ ಕನ್ನಡಕದವರ ಕಣ್ಣು ಉದ್ದ, ರೆಟಿನಾ ಬೋಗುಣಿಯಂತೆ ಬಾಗಿರುತ್ತದೆ. ಯಂತ್ರವನ್ನು ತೀರ ಮುಂದೆ ತಂದರೆ ಬೋಗುಣಿಯ ಅಂಚು ಕಿಟಕಿಯ ಮೇಲ್ಗಡಿಗೆ ತಾಗಿ, ಕನ್ನಡಿಯಲ್ಲಿ ಕಂಡಂತೆ ತಲೆಕೆಳಗಾಗಿ ಮಡಚಿಕೊಳ್ಳುತ್ತದೆ. ಸ್ವಲ್ಪ ಹಿಂದಕ್ಕೆ ಸರಿಸಿದರೆ ಸರಿಯಾಗುತ್ತದೆ, ಇಲ್ಲವೇ ಸ್ಕ್ಯಾನಿನ ಉದ್ದ ಕಡಿಮೆ ಮಾಡಬೇಕು. ರೆಟಿನಾದ ಕೆಳಗಿನ ಕೋರಾಯ್ಡ್ ಪದರ ಬೇಕಿದ್ದರೆ ಎನ್‌ಹ್ಯಾನ್ಸ್ಡ್ ಡೆಪ್ತ್ ಎಂಬ ಆಯ್ಕೆ ಇದೆ, 2008ರಲ್ಲಿ ವರದಿಯಾದ ಸರಳ ಉಪಾಯ: ಯಂತ್ರಕ್ಕೆ ಸಂಕೇತ ಅತಿ ಚೆನ್ನಾಗಿ ಸಿಗುವ ಮಟ್ಟವನ್ನು ಮೇಲಿನಿಂದ ಕೆಳಕ್ಕೆ ಇಳಿಸುವುದು. 1050 ನ್ಯಾನೋಮೀಟರಿನ ಉದ್ದ ಅಲೆಯ ಬೆಳಕು ಬಳಸುವ ಸ್ವೆಪ್ಟ್ ಸೋರ್ಸ್ ಯಂತ್ರಗಳಿಗೆ ಈ ಉಪಾಯದ ಅಗತ್ಯ ಅಷ್ಟಿಲ್ಲ, ಆ ಬೆಳಕು ವರ್ಣದ್ರವ್ಯವನ್ನು ದಾಟಿ ಆಳಕ್ಕೆ ಇಳಿಯುತ್ತದೆ, ಪೊರೆಯನ್ನೂ ಒಂದಿಷ್ಟು ಚೆನ್ನಾಗಿ ಭೇದಿಸುತ್ತದೆ. ಅದಕ್ಕೆ ತೆರುವ ಬೆಲೆ ಎಂದರೆ ಆಳದ ಸೂಕ್ಷ್ಮತೆ ತುಸು ಕಡಿಮೆಯಾಗುವುದು.

ಸಂಖ್ಯೆ ಮತ್ತು ಬಣ್ಣದ ತಕರಾರು

ಒಂದೇ ಕಣ್ಣಿನ ಫೋವಿಯಾ ನಡುವಿನ ದಪ್ಪ ಸ್ಟ್ರಾಟಸ್‌ನಲ್ಲಿ ಸುಮಾರು 200 ಮೈಕ್ರಾನ್ ಬಂದರೆ ಸಿರಸ್‌ನಲ್ಲಿ 260ರ ಹತ್ತಿರ, ಸ್ಪೆಕ್ಟ್ರಾಲಿಸ್‌ನಲ್ಲಿ ಅದಕ್ಕಿಂತಲೂ ತುಸು ಹೆಚ್ಚು. ಕಣ್ಣು ಬದಲಾಗಿಲ್ಲ. ಕೆಳಗಿನ ಗಡಿ ಎಲ್ಲಿ ಎಂಬುದಕ್ಕೆ ಪ್ರತಿ ಕಂಪನಿ ಬೇರೆ ಗೆರೆ ಆರಿಸಿಕೊಂಡಿದೆ, ಸ್ಟ್ರಾಟಸ್ ಮೇಲಿನ ಗೆರೆಗೇ ನಿಲ್ಲುತ್ತಿತ್ತು, ಉಳಿದವು ತಳದ ಪದರದವರೆಗೆ ಇಳಿಯುತ್ತವೆ. ಊತಕ್ಕೆ ಚುಚ್ಚುಮದ್ದು ಪಡೆಯುತ್ತಿರುವವರು ಒಂದು ತಿಂಗಳು ಒಂದು ಯಂತ್ರದಲ್ಲಿ, ಮುಂದಿನ ತಿಂಗಳು ಇನ್ನೊಂದರಲ್ಲಿ ಸ್ಕ್ಯಾನ್ ಮಾಡಿಸಿ ಸಂಖ್ಯೆ ಹೋಲಿಸಿದರೆ ಔಷಧ ಕೆಲಸ ಮಾಡಿದೆಯೋ ಇಲ್ಲವೋ ಎಂಬ ತೀರ್ಮಾನವೇ ತಲೆಕೆಳಗಾಗಬಹುದು. ಇದು ಬರಿಯ ಹೆದರಿಕೆಯಲ್ಲ, 60 ಮೈಕ್ರಾನಿನ ವ್ಯತ್ಯಾಸ ಚಿಕಿತ್ಸೆಯ ನಿರ್ಧಾರವನ್ನು ಬದಲಿಸುವಷ್ಟು ದೊಡ್ಡದು.

ಗ್ಲಾಕೋಮಾ ವರದಿಯಲ್ಲಿ ಬಣ್ಣದ ತೊಂದರೆ ಇನ್ನೂ ಹೆಚ್ಚು. ದೃಷ್ಟಿನರದ ಸುತ್ತ ಸುಮಾರು 3.46 ಮಿಲಿಮೀಟರ್ ವ್ಯಾಸದ ವೃತ್ತದಲ್ಲಿ ನರತಂತುಗಳ ದಪ್ಪ ಅಳೆದು, ಯಂತ್ರದೊಳಗಿನ ಆರೋಗ್ಯವಂತರ ಪಟ್ಟಿಗೆ ಹೋಲಿಸಿ ಬಣ್ಣ ಹಚ್ಚುತ್ತದೆ. ಅದೇ ವಯಸ್ಸಿನ ಆರೋಗ್ಯವಂತರಲ್ಲಿ ಶೇಕಡಾ 1ಕ್ಕಿಂತ ಕಡಿಮೆ ಮಂದಿಗೆ ಮಾತ್ರ ಇರುವಷ್ಟು ತೆಳುವಾದರೆ ಕೆಂಪು, 1ರಿಂದ 5ರ ನಡುವೆ ಹಳದಿ, ಅದರಾಚೆ ಹಸಿರು, ತುದಿಯ ಶೇಕಡಾ 5ರಷ್ಟು ದಪ್ಪವಾದರೆ ಬಿಳಿ. ಅಂದರೆ ಕೆಂಪು ಎಂದರೆ ರೋಗ ಎಂದಲ್ಲ, ಅಪರೂಪ ಎಂದಷ್ಟೇ. ಹೆಚ್ಚು ಮೈನಸ್ ಇರುವ ಕಣ್ಣುಗಳು ಆ ಪಟ್ಟಿಯಲ್ಲಿ ಬಹಳ ಕಡಿಮೆ, ಮಕ್ಕಳು ಇರುವುದಿಲ್ಲ. ಮೈನಸ್ ಕಣ್ಣಿನಲ್ಲಿ ನರತಂತುಗಳ ದಪ್ಪ ಕಟ್ಟುಗಳು ಕಿವಿಯ ಕಡೆಗೆ ಸರಿದಿರುತ್ತವೆ. ಪಟ್ಟಿ ನಿರೀಕ್ಷಿಸಿದ ಜಾಗದಲ್ಲಿ ಅವು ಸಿಗದೆ ಕೆಂಪು ಬೀಳುತ್ತದೆ, ರೋಗಿಗೆ ವರ್ಷಗಟ್ಟಲೆ ಬೇಡದ ಹನಿ ಶುರುವಾಗುತ್ತದೆ. ಇದರ ವಿರುದ್ಧವೂ ಅಷ್ಟೇ ಕೆಟ್ಟದ್ದು. ಮೊದಲು ಬಹಳ ದಪ್ಪ ಪದರ ಇದ್ದವರು ಅದರಲ್ಲಿ ಒಂದು ಪಾಲು ಕಳೆದುಕೊಂಡೂ ಹಸಿರಿನಲ್ಲೇ ಉಳಿಯುತ್ತಾರೆ. ಹಳೆಯ ಸ್ಕ್ಯಾನಿನೊಂದಿಗೆ ಹೋಲಿಸಿದಾಗಲೇ ಆ ನಷ್ಟ ಕಾಣುವುದು.

ಮುಂದುವರಿದ ಗ್ಲಾಕೋಮಾದಲ್ಲಿ ಪದರ 50ರಿಂದ 55 ಮೈಕ್ರಾನಿಗೆ ಬಂದು ನಿಂತುಬಿಡುತ್ತದೆ. ಉಳಿದದ್ದು ನರತಂತು ಅಲ್ಲ, ಆಸರೆಯ ಅಂಗಾಂಶ ಮತ್ತು ರಕ್ತನಾಳ. ಅಲ್ಲಿಂದ ಮುಂದೆ ದೃಷ್ಟಿ ಕುಗ್ಗುತ್ತಲೇ ಇದ್ದರೂ ಓಸಿಟಿ ಸ್ಥಿರ ಎನ್ನುತ್ತದೆ. ಆ ಹಂತದಲ್ಲಿ ದೃಷ್ಟಿಕ್ಷೇತ್ರ ಪರೀಕ್ಷೆಯೇ ಗತಿ. ಇನ್ನೊಂದು ಮಾತು: ಬಣ್ಣ ನೋಡುವ ಮೊದಲು ಸೀಳುಚಿತ್ರದ ಮೇಲೆ ಯಂತ್ರ ಎಳೆದ ಗಡಿಗೆರೆಗಳನ್ನು ನೋಡಬೇಕು. ಊತ, ರಕ್ತ ಅಥವಾ ಮೇಲೆ ಕಟ್ಟಿದ ತೆಳುಪೊರೆ ಇದ್ದಲ್ಲಿ ಗೆರೆ ಪದರ ಬಿಟ್ಟು ಹಾರಿರುತ್ತದೆ. ಗೆರೆ ತಪ್ಪಿದ್ದರೆ ಅದರಿಂದ ಹುಟ್ಟಿದ ಸಂಖ್ಯೆಯೂ ಬಣ್ಣವೂ ತಪ್ಪು.

ಸಂಧಿವಾತ, ಲೂಪಸ್‌ನಂಥ ಕಾಯಿಲೆಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಸೇವಿಸುವವರ ತಪಾಸಣೆಯಲ್ಲೂ ಇದೇ ಪಾಠ. ಅಮೆರಿಕನ್ ಅಕಾಡೆಮಿ ಆಫ್ ಆಪ್ತಾಲ್ಮಾಲಜಿಯ 2016ರ ಸೂಚನೆಯಂತೆ ದಿನದ ಪ್ರಮಾಣ ನಿಜವಾದ ದೇಹತೂಕದ ಪ್ರತಿ ಕೆಜಿಗೆ 5 ಮಿಲಿಗ್ರಾಂ ಮೀರಬಾರದು, ಮೊದಲ ವರ್ಷದೊಳಗೆ ಒಂದು ಮೂಲ ಪರೀಕ್ಷೆ, ಹೆಚ್ಚಿನ ಅಪಾಯವಿಲ್ಲದವರಿಗೆ 5 ವರ್ಷದ ನಂತರ ವರ್ಷಕ್ಕೊಮ್ಮೆ. ಔಷಧದ ಹಾನಿ ಫೋವಿಯಾವನ್ನು ಬಿಟ್ಟು ಸುತ್ತ ಉಂಗುರದಂತೆ ಎಲಿಪ್ಸಾಯ್ಡ್ ಗೆರೆಯನ್ನು ತಿನ್ನುತ್ತದೆ. ಏಷ್ಯಾ ಮೂಲದವರಲ್ಲಿ ಆ ಉಂಗುರ ಇನ್ನೂ ಹೊರಗೆ, 6 ಮಿಲಿಮೀಟರ್ ಚೌಕದ ಅಂಚಿನತ್ತ ಬೀಳುವುದು ಸಾಮಾನ್ಯ. ನಡುವಿನ ದಪ್ಪದ ಸಂಖ್ಯೆ ನೋಡಿ ಸರಿಯಿದೆ ಎಂದರೆ ಏನೂ ನೋಡದಂತೆ. ಅಗಲವಾದ ಸ್ಕ್ಯಾನ್, ಜೊತೆಗೆ ನಡುವಿನ 10 ಡಿಗ್ರಿ ನೋಡುವ 10-2 ಮಾತ್ರವಲ್ಲದೆ 24 ಡಿಗ್ರಿವರೆಗೆ ನೋಡುವ 24-2 ದೃಷ್ಟಿಕ್ಷೇತ್ರ ಪರೀಕ್ಷೆಯೂ ಬೇಕು.

ಓಸಿಟಿಗೆ ಕಾಣದ್ದು ಯಾರಿಗೆ ಕಾಣುತ್ತದೆ

ರೆಟಿನಾದ ರಕ್ತನಾಳಗಳ ಸೋರಿಕೆ ಕಾಣಿಸುವುದು ಫ್ಲೋರೆಸಿನ್ ಆಂಜಿಯೋಗ್ರಫಿ, ಹೊಳೆಯುವ ಬಣ್ಣ ಚುಚ್ಚಿ ಫೋಟೋ ತೆಗೆಯುವ, 1961ರಿಂದ ಬಳಕೆಯಲ್ಲಿರುವ ಪರೀಕ್ಷೆ. ತೋಳಿನ ರಕ್ತನಾಳಕ್ಕೆ ಸಾಮಾನ್ಯವಾಗಿ ಶೇಕಡಾ 10ರ ದ್ರಾವಣ 5 ಮಿಲಿಲೀಟರ್, ಅಂದರೆ 500 ಮಿಲಿಗ್ರಾಂ. 10ರಿಂದ 15 ಸೆಕೆಂಡಿನಲ್ಲಿ ಬಣ್ಣ ಕಣ್ಣಿಗೆ ತಲುಪುತ್ತದೆ. ಆದ್ದರಿಂದ ಚುಚ್ಚುವ ಕ್ಷಣಕ್ಕೇ ಗಡಿಯಾರ ಶುರುವಾಗಬೇಕು, ತಡವಾದರೆ ಮೊದಲ ಹಂತ ಕೈತಪ್ಪುತ್ತದೆ, ಮತ್ತೆ ಸಿಗುವುದಿಲ್ಲ. ಕೊನೆಯ ಚಿತ್ರಗಳಿಗೆ 5ರಿಂದ 10 ನಿಮಿಷ ಕಾಯಬೇಕು, ಸೋರಿಕೆ ಮತ್ತು ಬರಿಯ ಕಲೆಯ ವ್ಯತ್ಯಾಸ ತಿಳಿಯುವುದು ಅಲ್ಲಿ: ಸೋರಿಕೆ ಹೊತ್ತು ಹೋದಂತೆ ಹರಡಿ ಅಂಚು ಮಸುಕಾಗುತ್ತದೆ, ಕಲೆ ಹೊಳೆದರೂ ಅದರ ಗಾತ್ರ ಬೆಳೆಯುವುದಿಲ್ಲ. ಚುಚ್ಚಿದ ಅರ್ಧ ನಿಮಿಷದ ಆಸುಪಾಸಿನಲ್ಲಿ ಕೆಲವರಿಗೆ ವಾಕರಿಕೆ ಬರುತ್ತದೆ, ದೀರ್ಘ ಉಸಿರಾಡಿದರೆ ಬೇಗ ಇಳಿಯುತ್ತದೆ. ಚರ್ಮ ಕೆಲವು ಗಂಟೆ ಹಳದಿ, ಮೂತ್ರ ಒಂದು ದಿನಕ್ಕೂ ಮೀರಿ ಕಿತ್ತಳೆಬಣ್ಣ, ಮೊದಲೇ ಹೇಳದಿದ್ದರೆ ರೋಗಿ ಗಾಬರಿಯಾಗುತ್ತಾರೆ. ತೀವ್ರ ಅಲರ್ಜಿ ವಿರಳ, ಆದರೂ ಅಡ್ರಿನಲಿನ್ ಮತ್ತು ತುರ್ತು ಸಾಮಗ್ರಿ ಅದೇ ಕೋಣೆಯಲ್ಲಿ ಇರದ ಕಡೆ ಈ ಪರೀಕ್ಷೆ ಮಾಡಿಸಬೇಡಿ. ಬಣ್ಣ ನಾಳದ ಹೊರಗೆ ಹೋದರೆ ತೋಳು ಉರಿಯುತ್ತದೆ, ಕೂಡಲೇ ನಿಲ್ಲಿಸಬೇಕು. ಕೋರಾಯ್ಡ್ ನಾಳಗಳಿಗೆ ಫ್ಲೋರೆಸಿನ್ ಸಾಲದು, ಅಲ್ಲಿಗೆ ಇಂಡೋಸೈನೀನ್ ಗ್ರೀನ್ ಬೇಕು. ಅದು ರಕ್ತದ ಪ್ರೋಟೀನಿಗೆ ಅಂಟಿಕೊಂಡು ನಾಳದೊಳಗೇ ಉಳಿಯುತ್ತದೆ, ಅದರ ಅವಗೆಂಪು (ಇನ್‌ಫ್ರಾರೆಡ್) ಬೆಳಕು ರೆಟಿನಾದ ತಳದ ವರ್ಣಪದರವನ್ನು ದಾಟಿ ಬರುತ್ತದೆ. ಮಾಮೂಲಿ ಇಂಡೋಸೈನೀನ್ ಗ್ರೀನ್‌ನಲ್ಲಿ ಅಯೋಡೈಡ್ ಇರುವುದರಿಂದ ಅಯೋಡಿನ್ ಅಲರ್ಜಿ ಇದ್ದವರು ಮೊದಲೇ ತಿಳಿಸಬೇಕು.

ಓಸಿಟಿ ಆಂಜಿಯೋಗ್ರಫಿಯನ್ನು ಬಣ್ಣವಿಲ್ಲದ ಬದಲಿ ಎಂದು ಮಾರುತ್ತಾರೆ. ಬದಲಿ ಎನ್ನುವ ಮಾತನ್ನು ನಾವು ಒಪ್ಪುವುದಿಲ್ಲ. ಅದು ಒಂದೇ ಜಾಗವನ್ನು ಮತ್ತೆ ಮತ್ತೆ ಓದಿ ಎಲ್ಲಿ ಸಂಕೇತ ಬದಲಾಯಿತೋ ಅಲ್ಲಿ ರಕ್ತಕಣ ಓಡಿತು ಎಂದು ಗ್ರಹಿಸುತ್ತದೆ. ಓಟ ಕಂಡರೂ ಸೋರಿಕೆ ಕಾಣದು. ತೀರ ನಿಧಾನ ಓಟವೂ ಕಾಣದು, ಆದ್ದರಿಂದ ಸಕ್ಕರೆ ಕಾಯಿಲೆಯಲ್ಲಿ ರಕ್ತನಾಳದ ಮೇಲೆ ಬರುವ ಚಿಕ್ಕ ಉಬ್ಬುಗಳಲ್ಲಿ ಹಲವು ತಪ್ಪಿಹೋಗುತ್ತವೆ. ಮೇಲಿನ ನಾಳದ ನೆರಳು ಕೆಳಗಿನ ಪದರದಲ್ಲೂ ನಾಳವಿದ್ದಂತೆ ಬೀಳುತ್ತದೆ. ಆದರೆ ಆಳಕ್ಕೊಂದು ಪದರದಂತೆ ನಾಳಗಳನ್ನು ಬಿಡಿಸಿ ತೋರುವುದರಲ್ಲಿ, ತಳಪದರದ ಕೆಳಗೆ ಹುಟ್ಟಿ ಇನ್ನೂ ಸೋರದ ಹೊಸ ನಾಳವನ್ನು ಹಿಡಿಯುವುದರಲ್ಲಿ, ಪ್ರತಿ ಭೇಟಿಗೂ ಚುಚ್ಚದೆ ನೋಡುವುದರಲ್ಲಿ ಇದಕ್ಕೆ ದೊಡ್ಡ ಬೆಲೆ ಇದೆ. 3 ಮಿಲಿಮೀಟರ್ ಚೌಕ ತೆಗೆಯಿರಿ. 12 ಮಿಲಿಮೀಟರಿಗೆ ಹೋದರೆ ಗೆರೆಗಳು ಹೆಚ್ಚು ಹರಡಿ ಸಣ್ಣ ಲೋಮನಾಳಗಳು ಬೆಸೆದುಹೋಗುತ್ತವೆ. ಅಗಲ ಬೇಕಿದ್ದಾಗ ಮಾತ್ರ ಅಗಲ.

ಆಟೋಫ್ಲೋರೆಸೆನ್ಸ್‌ಗೆ ಬಣ್ಣವೇ ಬೇಡ. ವರ್ಣಪದರದ ಕೋಶಗಳಲ್ಲಿ ಕೂಡಿಕೊಂಡ ಲಿಪೋಫ್ಯೂಸಿನ್ ಎಂಬ ತ್ಯಾಜ್ಯ ಬೆಳಕು ಬಿದ್ದಾಗ ತಾನೇ ಹೊಳೆಯುತ್ತದೆ. ಕಪ್ಪು ಎಂದರೆ ಕೋಶ ಸತ್ತಿದೆ, ಅತಿ ಬೆಳ್ಳಗೆ ಎಂದರೆ ಸಾಮಾನ್ಯವಾಗಿ ಕಷ್ಟದಲ್ಲಿದೆ. ವಯಸ್ಸಿನ ಒಣ ಮ್ಯಾಕ್ಯುಲಾ ರೋಗದ ಕಪ್ಪು ತೇಪೆ ಎಷ್ಟು ಬೆಳೆಯಿತು ಎಂದು ಅಳೆಯಲು ಇದೇ ಸಾಧನ. 488 ನ್ಯಾನೋಮೀಟರಿನ ನೀಲಿಬೆಳಕಿನಲ್ಲಿ ಆರೋಗ್ಯವಂತ ಫೋವಿಯಾವೂ ಕಪ್ಪಗೆ ಕಾಣುತ್ತದೆ, ಅಲ್ಲಿನ ಹಳದಿ ವರ್ಣದ್ರವ್ಯ ನೀಲಿಯನ್ನು ನುಂಗುವುದರಿಂದ. ಹಸಿರುಬೆಳಕಿನ ಯಂತ್ರದಲ್ಲಿ ಆ ಗೊಂದಲ ಕಡಿಮೆ. ಎರಡನ್ನು ಬೆರೆಸಿ ಹೋಲಿಸಬಾರದು.

ಮಾಮೂಲಿ ಫಂಡಸ್ ಕ್ಯಾಮೆರಾದ ಮೇಲೆ ಹೆಚ್ಚು ಹೇಳಬೇಕಾದ್ದಿಲ್ಲ. 45 ಡಿಗ್ರಿ, ನಿಜವಾದ ಬಣ್ಣ, ರಕ್ತಸ್ರಾವಕ್ಕೂ ದೃಷ್ಟಿನರದ ಬಣ್ಣಕ್ಕೂ ಇದೇ ಒಳ್ಳೆಯದು. ಪಾಪೆ ಅರಳಿಸುವ ಹನಿ ಹಾಕದೆ ತೆಗೆಯುವುದಾದರೆ ಪಾಪೆ ಸುಮಾರು 4 ಮಿಲಿಮೀಟರ್ ಇರಬೇಕು, ಕತ್ತಲಲ್ಲಿ ಕೆಲವು ನಿಮಿಷ ಕೂರಿಸಿ, ಒಂದು ಕಣ್ಣಿಗೆ ಫ್ಲಾಶ್ ಆದ ಮೇಲೆ ಇನ್ನೊಂದು ಕಣ್ಣಿನ ಪಾಪೆಯೂ ಕುಗ್ಗುವುದರಿಂದ ಮತ್ತೆ ಕಾಯಿರಿ. ಚಿತ್ರದ ಅಂಚಿನಲ್ಲಿ ಚಂದ್ರನ ತುಂಡಿನಂಥ ಹೊಳಪು ಬಂದರೆ ಕ್ಯಾಮೆರಾದ ದೂರ ಅಥವಾ ನೇರ ತಪ್ಪಿದೆ. 2018ರಲ್ಲಿ ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಕ ಎಫ್‌ಡಿಎ ಒಪ್ಪಿಗೆ ಪಡೆದ ಐಡಿಎಕ್ಸ್-ಡಿಆರ್ ಎಂಬ ಸ್ವಯಂಚಾಲಿತ ತಂತ್ರಾಂಶ ಇಂಥ ಚಿತ್ರಗಳನ್ನೇ, ಕಣ್ಣಿಗೆ ಎರಡರಂತೆ, ಓದುತ್ತದೆ. ಅದು ಉತ್ತರಿಸುವುದು ಸಕ್ಕರೆ ಕಾಯಿಲೆಯ ರೆಟಿನಾ ಹಾನಿ ಸೌಮ್ಯ ಹಂತವನ್ನು ಮೀರಿದೆಯೇ ಎಂಬ ಒಂದೇ ಪ್ರಶ್ನೆಗೆ. ಗ್ಲಾಕೋಮಾ, ಗಾಯ ಅದರ ಲೆಕ್ಕದಲ್ಲಿಲ್ಲ.

200 ಡಿಗ್ರಿಯ ಅತಿ ಅಗಲ ಕ್ಯಾಮೆರಾಗಳ ಜಾಹೀರಾತಿನಲ್ಲಿ ಒಂದು ಸಂಗತಿ ಹೇಳುವುದಿಲ್ಲ: ಆ ಕೋನವನ್ನು ಕಣ್ಣುಗುಡ್ಡೆಯ ನಡುವಿನಿಂದ ಅಳೆಯುತ್ತಾರೆ, ಮಾಮೂಲಿ ಕ್ಯಾಮೆರಾದ 45 ಡಿಗ್ರಿಯನ್ನು ಪಾಪೆಯಿಂದ. ಎರಡನ್ನೂ ಭಾಗಿಸಿ ನಾಲ್ಕೂವರೆ ಪಟ್ಟು ಎನ್ನುವುದು ಸರಿಯಲ್ಲ. ಆದರೂ ಅಂಚಿನ ನಾಳಗಳು ಮುಚ್ಚಿಹೋದದ್ದನ್ನು ಒಂದೇ ಚಿತ್ರದಲ್ಲಿ ತೋರಿಸುವುದರಲ್ಲಿ ಇವಕ್ಕೆ ಸಮವಿಲ್ಲ. ಕೆಂಪು ಮತ್ತು ಹಸಿರು ಲೇಸರಿನಿಂದ ಕಟ್ಟಿದ ಮಾದರಿಗಳ ಬಣ್ಣ ನಿಜದ್ದಲ್ಲ, ದೃಷ್ಟಿನರ ಬಿಳಿಚಿದೆಯೇ ಎಂಬುದನ್ನು ಅದರಲ್ಲಿ ತೀರ್ಮಾನಿಸಬೇಡಿ. ಕೆಳಗಿನ ಅಂಚನ್ನು ರೆಪ್ಪೆಗೂದಲು ಮರೆಮಾಡುತ್ತದೆ, ರೆಪ್ಪೆಯನ್ನು ಬೆರಳಿನಿಂದ ಹಿಡಿದು ತೆಗೆಯಬೇಕು. ಪೆಟ್ಟಿನಿಂದ ರೆಟಿನಾ ಹರಿಯುವ ಕೆಳಮೂಲೆಯೇ ಹೀಗೆ ಮರೆಯಾಗುವುದು ಎಂಬುದನ್ನು ನೆನಪಿಡಿ.

ಪರೀಕ್ಷೆ ಎಲ್ಲೇ ಮಾಡಿಸಿ, ಬಣ್ಣದ ಮುದ್ರಿತ ಹಾಳೆಯೊಂದೇ ಸಾಕು ಎನ್ನಬೇಡಿ. ಯಂತ್ರದ ಹೆಸರು, ಸ್ಕ್ಯಾನಿನ ಮಾದರಿ, ಸಂಕೇತದ ಬಲ ಬರೆದಿರಲಿ, ಮುಂದಿನ ಸಲ ಅದೇ ಯಂತ್ರದಲ್ಲಿ, ಹಳೆಯ ಗೆರೆಯ ಮೇಲೇ ಕೂರಿಸುವ ಫಾಲೋಅಪ್ ಆಯ್ಕೆಯಲ್ಲಿ ಸ್ಕ್ಯಾನ್ ಆಗಲಿ. ಸ್ಕ್ಯಾನಿನ ಮೂಲ ಚಿತ್ರಗಳಿರುವ ಡೈಕಾಮ್ ಫೈಲನ್ನು ಪೆನ್‌ಡ್ರೈವಿನಲ್ಲಿ ಕೇಳಿ ಪಡೆಯಿರಿ, ಬೇರೆ ವೈದ್ಯರ ಅಭಿಪ್ರಾಯ ಬೇಕಾದಾಗ ಅವರು ನೋಡುವುದು ಅದನ್ನೇ. ಹಾಳೆಯ ಮೇಲೆ ಮುದ್ರಣವಾಗುವುದು ಒಂದೋ ಎರಡೋ ಸೀಳು. 128ರಲ್ಲಿ ಮಿಕ್ಕ 126 ಆ ಫೈಲಿನಲ್ಲೇ ಇರುತ್ತವೆ.